ಅಂಡಾಣುವಿನ ವಯಸ್ಸು ಮತ್ತು ಇಲಿಯ ಒಂದು ಕಾವಲು ಜೀನ್

ಮೂವತ್ತೈದು ದಾಟಿದ ಮೇಲೆ ಗರ್ಭ ನಿಲ್ಲುವುದು ಕಷ್ಟ, ನಿಂತರೂ ಗರ್ಭಪಾತದ ಭಯ ಜಾಸ್ತಿ. ಈ ಮಾತು ಎಲ್ಲರಿಗೂ ಗೊತ್ತು. ಯಾಕೆ ಅಂತ ಕೇಳಿದರೆ ಮಾತ್ರ ಸರಿಯಾದ ಉತ್ತರ ಸಿಗುವುದಿಲ್ಲ. ಅಂಡಾಣು ಹಳೆಯದಾಗಿರುತ್ತದೆ, ಕ್ವಾಲಿಟಿ ಇರುವುದಿಲ್ಲ ಅಂತ ಹೇಳಿ ಮುಗಿಸಿಬಿಡುತ್ತಾರೆ. ಅಂಡಾಣುವಿನ ಒಳಗೆ ಯಾವ ಭಾಗ ಹಾಳಾಯಿತು, ಹೇಗೆ ಹಾಳಾಯಿತು, ಅದನ್ನು ಸರಿ ಮಾಡಬಹುದಾ? ಈ ಪ್ರಶ್ನೆಗಳಿಗೆ ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಗಟ್ಟಿ ಉತ್ತರ ಸಿಕ್ಕಿದೆ, ಮತ್ತು ಅದರ ದೊಡ್ಡ ಪಾಲು ಬಂದದ್ದು ಇಲಿಗಳಿಂದ. ಅದರಲ್ಲೂ ಶುಗೋಶಿನ್-2 ಎಂಬ ಒಂದು ಜೀನ್ ತೆಗೆದುಹಾಕಿದ ಇಲಿಗಳು ಈ ವಿಷಯವನ್ನು ಬೇರೆಯೇ ಬೆಳಕಿನಲ್ಲಿ ತೋರಿಸಿದವು.

ಮೊದಲು ವಯಸ್ಸಿನ ಲೆಕ್ಕ ನೋಡೋಣ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ ಇಪ್ಪತ್ತರ ಆಸುಪಾಸಿನಲ್ಲಿ ಸುಮಾರು 1500ರಲ್ಲಿ 1. ಮೂವತ್ತೈದಕ್ಕೆ ಸುಮಾರು 350ರಲ್ಲಿ 1. ನಲವತ್ತಕ್ಕೆ 100ರಲ್ಲಿ 1, ನಲವತ್ತೈದಕ್ಕೆ 30ರಲ್ಲಿ 1. ಇದಕ್ಕೆ ತಾಯಿಯ ವಯಸ್ಸಿನ ಸಂಬಂಧ ಇದೆ, ತಂದೆಯ ವಯಸ್ಸಿನದಲ್ಲ ಅಂತ ಲಯನೆಲ್ ಪೆನ್‌ರೋಸ್ 1933ರಲ್ಲೇ ತೋರಿಸಿದ್ದರು. ಆಗ ಅದಕ್ಕೆ ಕಾರಣ ಹೆಚ್ಚುವರಿ ಕ್ರೋಮೋಸೋಮ್ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 21ನೇ ಕ್ರೋಮೋಸೋಮಿನ ಮೂರನೇ ಪ್ರತಿ ಇದೆ ಅಂತ ಗೊತ್ತಾದದ್ದು 1959ರಲ್ಲಿ. ಆ ಹೆಚ್ಚುವರಿ ಪ್ರತಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ಅಂಡಾಣುವಿನಿಂದಲೇ ಬಂದಿರುತ್ತದೆ. ಇದು ಕಣ್ಣಿಗೆ ಕಾಣುವ ಭಾಗ ಅಷ್ಟೇ. ಕ್ರೋಮೋಸೋಮ್ ಲೆಕ್ಕ ತಪ್ಪಿದ ಭ್ರೂಣಗಳಲ್ಲಿ ಹೆಚ್ಚಿನವು ಹುಟ್ಟುವ ತನಕ ಬರುವುದೇ ಇಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇದೇ ಕಾರಣ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ತಿಳಿಯಬೇಕಾದರೆ ಜೀವಕೋಶ ಹೇಗೆ ಒಡೆದು ಎರಡಾಗುತ್ತದೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೋಶ ಒಡೆಯುವ ಮುಂಚೆ ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡುತ್ತದೆ. ಈಗ ಪ್ರತಿ ಕ್ರೋಮೋಸೋಮಿಗೂ ಎರಡು ಪ್ರತಿಗಳಿವೆ. ಒಂದು ಈ ಕಡೆಯ ಮರಿಕೋಶಕ್ಕೆ ಹೋಗಬೇಕು, ಇನ್ನೊಂದು ಆ ಕಡೆಗೆ. ನಕಲು ಮುಗಿದ ತಕ್ಷಣ ಎರಡೂ ಬೇರೆಬೇರೆಯಾಗಿ ತೇಲಿಹೋದರೆ ಯಾವುದು ಯಾವುದರ ಜೋಡಿ ಅಂತ ಕೋಶಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಎಳೆಯುವ ಹೊತ್ತು ಬರುವ ತನಕ ಅವು ಒಟ್ಟಿಗೇ ಇರಬೇಕು. ಹಾಗೆ ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನ್ ಗುಂಪು. 1997ರಲ್ಲಿ ಎರಡು ತಂಡಗಳು ಇದನ್ನು ಯೀಸ್ಟ್‌ನಲ್ಲಿ ಕಂಡುಹಿಡಿದವು, ಒಂದು ಕಿಮ್ ನ್ಯಾಸ್ಮಿತ್ ಅವರದು, ಇನ್ನೊಂದು ಡಗ್ಲಾಸ್ ಕೋಶ್‌ಲ್ಯಾಂಡ್ ಅವರದು. ಇದರ ಆಕಾರವೇ ಒಂದು ಉಂಗುರ. ಎರಡು ಉದ್ದನೆಯ ತೋಳಿನ ಪ್ರೋಟೀನ್‌ಗಳು ಒಂದು ತುದಿಯಲ್ಲಿ ಕೂಡಿಕೊಂಡಿರುತ್ತವೆ, ಇನ್ನೊಂದು ತುದಿಯನ್ನು ಮೂರನೆಯ ಪ್ರೋಟೀನ್ ಮುಚ್ಚುತ್ತದೆ. ಎರಡೂ ಡಿಎನ್‌ಎ ಎಳೆಗಳು ಆ ಉಂಗುರದ ಒಳಗೆ ಸಿಕ್ಕಿಕೊಂಡಿರುತ್ತವೆ ಅನ್ನೋದು ಇವತ್ತು ಹೆಚ್ಚಿನವರು ಒಪ್ಪುವ ಚಿತ್ರ.

ಬಿಡಿಸುವ ಕೆಲಸ ಸೆಪರೇಸ್ ಎಂಬ ಕತ್ತರಿ ಪ್ರೋಟೀನಿನದು. ಅದು ಉಂಗುರದ ಬಾಗಿಲು ಮುಚ್ಚಿರುವ ಆ ಮೂರನೆಯ ಪ್ರೋಟೀನನ್ನು ಕತ್ತರಿಸುತ್ತದೆ. ಕತ್ತರಿ ಹೊತ್ತಿಗೆ ಮುಂಚೆ ಕೆಲಸ ಶುರು ಮಾಡಬಾರದಲ್ವಾ, ಅದಕ್ಕೆ ಸೆಕ್ಯೂರಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದುಕೊಂಡಿರುತ್ತದೆ. ಎಲ್ಲ ಕ್ರೋಮೋಸೋಮುಗಳೂ ಎರಡೂ ಕಡೆಯಿಂದ ಬಂದು ತಮ್ಮನ್ನು ಎಳೆಯುವ ದಾರದಂಥ ಎಳೆಗಳಿಗೆ ಸರಿಯಾಗಿ ಸಿಕ್ಕಿಕೊಂಡಿವೆ ಅಂತ ಖಾತ್ರಿಯಾದ ಮೇಲೆ ಮಾತ್ರ ಕೋಶ ಸೆಕ್ಯೂರಿನನ್ನು ನಾಶ ಮಾಡುತ್ತದೆ. ಕತ್ತರಿ ಬಿಡುಗಡೆಯಾಗುತ್ತದೆ. ಆಮೇಲೆ ಕೆಲವೇ ನಿಮಿಷಗಳಲ್ಲಿ ಹಿಡಿದಿದ್ದ ಉಂಗುರಗಳು ಹೋಗಿ ಪ್ರತಿಗಳು ಎರಡು ದಿಕ್ಕಿಗೆ ಸರಿಯುತ್ತವೆ. ಚರ್ಮದ ಕೋಶ ಇರಲಿ, ರಕ್ತ ತಯಾರಿಸುವ ಕೋಶ ಇರಲಿ, ಎಲ್ಲ ಕಡೆ ನಡೆಯುವುದು ಇದೇ.

ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ ಮಾತ್ರ ವಿಷಯ ಜಟಿಲವಾಗುತ್ತದೆ. ಅಲ್ಲಿ ಡಿಎನ್‌ಎ ನಕಲಾಗುವುದು ಒಂದೇ ಸಲ, ಆದರೆ ಕೋಶ ಒಡೆಯುವುದು ಎರಡು ಸಲ. ಇದಕ್ಕೆ ಮಿಯೋಸಿಸ್ ಅನ್ನುತ್ತಾರೆ. ಮೊದಲ ವಿಭಜನೆಯಲ್ಲಿ ಅಪ್ಪನಿಂದ ಬಂದ ಕ್ರೋಮೋಸೋಮ್ ಮತ್ತು ಅಮ್ಮನಿಂದ ಬಂದ ಕ್ರೋಮೋಸೋಮ್ ಬೇರೆಯಾಗಬೇಕು, ಆದರೆ ಒಂದೊಂದರ ಎರಡು ಪ್ರತಿಗಳು ಒಟ್ಟಿಗೇ ಉಳಿಯಬೇಕು. ಆ ಪ್ರತಿಗಳು ಬೇರೆಯಾಗುವುದು ಎರಡನೇ ವಿಭಜನೆಯಲ್ಲಿ. ಅಂದರೆ ಒಂದೇ ಸಲ ಹಾಕಿದ ಉಂಗುರಗಳನ್ನು ಎರಡು ಕಂತಿನಲ್ಲಿ ತೆಗೆಯಬೇಕು. ಮೊದಲ ಸಲ ಕ್ರೋಮೋಸೋಮಿನ ಉದ್ದನೆಯ ಭಾಗದ ಮೇಲಿರುವ ಉಂಗುರಗಳು ಹೋಗಬೇಕು. ಸೆಂಟ್ರೋಮಿಯರ್ ಹತ್ತಿರ, ಅಂದರೆ ಎಳೆಗಳು ಬಂದು ಹಿಡಿಯುವ ಜಾಗದ ಸುತ್ತ ಇರುವ ಉಂಗುರಗಳು ಉಳಿಯಬೇಕು. ಕತ್ತರಿ ಎರಡೂ ಕಡೆ ಒಂದೇ. ಉಂಗುರವೂ ಒಂದೇ ಬಗೆಯದು. ಮಿಯೋಸಿಸ್‌ನಲ್ಲಿ ಆ ಬಾಗಿಲು ಪ್ರೋಟೀನಿನ ಹೆಸರು ರೆಕ್8. ಹಾಗಾದರೆ ಒಂದು ಜಾಗದ ರೆಕ್8 ಕತ್ತರಿಸಿಹೋಗಿ, ಅದರ ಪಕ್ಕದ್ದೇ ಇನ್ನೊಂದು ಉಳಿಯುವುದು ಹೇಗೆ?

ಇದಕ್ಕೆ ಉತ್ತರವೇ ಶುಗೋಶಿನ್. ಜಪಾನಿನ ಯೋಶಿನೋರಿ ವಟನಬೆ ಅವರ ತಂಡ 2004ರಲ್ಲಿ ಇದನ್ನು ಯೀಸ್ಟ್‌ನಲ್ಲಿ ಗುರುತಿಸಿ ಹೆಸರಿಟ್ಟಿತು. ಇದು ಸೆಂಟ್ರೋಮಿಯರಿನಲ್ಲಿ ಕೂತು ಪಿಪಿ2ಎ ಎಂಬ ಒಂದು ಎನ್‌ಜೈಮನ್ನು ತನ್ನ ಹತ್ತಿರ ಕರೆಸಿಕೊಳ್ಳುತ್ತದೆ. ಸೆಪರೇಸ್ ಸುಮ್ನೆ ಸಿಕ್ಕಿದ ರೆಕ್8ನ್ನೆಲ್ಲ ಕತ್ತರಿಸುವುದಿಲ್ಲ, ರೆಕ್8ಗೆ ಫಾಸ್ಫೇಟ್ ಗುರುತುಗಳು ಅಂಟಿದ್ದರೆ ಮಾತ್ರ ಕತ್ತರಿಸುತ್ತದೆ. ಪಿಪಿ2ಎ ಆ ಗುರುತುಗಳನ್ನು ಅಂಟಿದ ಹಾಗೇ ಕಿತ್ತುಹಾಕುತ್ತಾ ಇರುತ್ತದೆ. ಹಾಗಾಗಿ ಸೆಂಟ್ರೋಮಿಯರಿನ ರೆಕ್8 ಕತ್ತರಿಗೆ ಸಿಗುವುದಿಲ್ಲ. ಉಂಗುರಕ್ಕೆ ಏನೂ ಮಾಡದೆ, ಕತ್ತರಿಗೂ ಏನೂ ಮಾಡದೆ, ಎರಡರ ನಡುವಿನ ಗುರುತನ್ನು ಅಳಿಸಿ ಕಾಯುವ ವ್ಯವಸ್ಥೆ ಇದು. ನನಗೆ ಇಡೀ ಕೋಶ ವಿಭಜನೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ.

ಇಲಿಯಲ್ಲೂ ಮನುಷ್ಯರಲ್ಲೂ ಶುಗೋಶಿನ್ ಎರಡಿವೆ, 1 ಮತ್ತು 2. ಯಾವುದರ ಕೆಲಸ ಯಾವುದು ಅಂತ ತಿಳಿಯಲು ಇಲಿಯ ಜೀನ್ ತೆಗೆದು ನೋಡಬೇಕಾಯಿತು. 2008ರಲ್ಲಿ ಸ್ಪೇನಿನ ಸಲಮಾಂಕಾದ ಅಲ್ಬರ್ಟೋ ಪೆಂಡಾಸ್ ತಂಡ ಶುಗೋಶಿನ್-2 ಇಲ್ಲದ ಇಲಿಗಳನ್ನು ವರದಿ ಮಾಡಿತು. ಆ ಇಲಿಗಳು ಆರೋಗ್ಯವಾಗಿ ಹುಟ್ಟಿದವು, ಬೆಳೆದವು, ದೊಡ್ಡವಾದವು. ನೋಡಿದರೆ ಏನೂ ವ್ಯತ್ಯಾಸವಿಲ್ಲ. ದೇಹದ ಸಾಮಾನ್ಯ ಕೋಶಗಳು ಸರಿಯಾಗಿಯೇ ಒಡೆಯುತ್ತಿದ್ದವು. ಆದರೆ ಗಂಡಿಗೂ ಮರಿಯಾಗಲಿಲ್ಲ, ಹೆಣ್ಣಿಗೂ ಆಗಲಿಲ್ಲ. ಕೋಶಗಳನ್ನು ತೆಗೆದು ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ಮೊದಲ ವಿಭಜನೆ ಬಹುಮಟ್ಟಿಗೆ ಸರಿಯಾಗಿ ನಡೆದಿತ್ತು, ಆದರೆ ಅದರ ಜೊತೆಗೇ ಸೆಂಟ್ರೋಮಿಯರಿನ ರೆಕ್8 ಕೂಡ ಹೋಗಿಬಿಟ್ಟಿತ್ತು. ಇಲಿಗೆ ಕ್ರೋಮೋಸೋಮ್ ಇರುವುದು 40, ಅಂದರೆ 20 ಜೊತೆ. ಎರಡನೇ ವಿಭಜನೆಗೆ ಕಾಯುತ್ತಿರುವ ಕೋಶದಲ್ಲಿ 20 ಕ್ರೋಮೋಸೋಮುಗಳು, ಒಂದೊಂದರಲ್ಲೂ ಎರಡು ಪ್ರತಿಗಳು ಅಂಟಿಕೊಂಡು ಇರಬೇಕಿತ್ತು. ಇಲ್ಲಿ ಪ್ರತಿಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿದ್ದವು. ಜೋಡಿಯೇ ಇಲ್ಲದ ಮೇಲೆ ಎರಡು ಕಡೆಗೆ ಸಮವಾಗಿ ಹಂಚುವುದು ಹೇಗೆ? ಯಾವುದು ಎತ್ತ ಹೋಗುತ್ತದೋ ಅದು ಅದೃಷ್ಟ. ಅದೇ ವರ್ಷ ವಟನಬೆ ತಂಡವೂ ಇಲಿಯ ಅಂಡಾಣುವಿನಲ್ಲಿ ಕಾಯುವ ಕೆಲಸ ಮುಖ್ಯವಾಗಿ ಶುಗೋಶಿನ್-2ರದ್ದೇ ಅಂತ ತೋರಿಸಿತು.

ದೇಹದ ಸಾಮಾನ್ಯ ಕೋಶಗಳಲ್ಲಿ ಆ ಕಾವಲು ಕೆಲಸವನ್ನು ಶುಗೋಶಿನ್-1 ಮಾಡುತ್ತದೆ. ಉಂಗುರದ ಕೆಲಸ ಬರೀ ಹಿಡಿದಿಡುವುದಷ್ಟೇ ಅಲ್ಲ, ಡಿಎನ್‌ಎಯನ್ನು ಕುಣಿಕೆ ಕುಣಿಕೆಯಾಗಿ ಮಡಚಿ ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಅನ್ನೋದರಲ್ಲೂ ಅದಕ್ಕೆ ಪಾತ್ರವಿದೆ. ಅದಕ್ಕೇ ಉಂಗುರವನ್ನು ಡಿಎನ್‌ಎ ಮೇಲೆ ಹತ್ತಿಸುವ ಎನ್‌ಐಪಿಬಿಎಲ್ ಜೀನ್ ಕೆಟ್ಟರೆ ಕಾರ್ನೀಲಿಯಾ ಡಿ ಲಾಂಗೆ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಇರುವ ಬೆಳವಣಿಗೆಯ ತೊಂದರೆ ಬರುತ್ತದೆ, ಹತ್ತಿದ ಉಂಗುರವನ್ನು ಭದ್ರ ಮಾಡುವ ಇಎಸ್‌ಸಿಒ2 ಕೆಟ್ಟರೆ ಅಂಥದ್ದೇ ಇನ್ನೊಂದು ತೊಂದರೆ, ರಾಬರ್ಟ್ಸ್ ಸಿಂಡ್ರೋಮ್. ಉಂಗುರದದೇ ಒಂದು ಭಾಗವಾದ ಸ್ಟ್ಯಾಗ್2 ಹಲವು ಕ್ಯಾನ್ಸರ್‌ಗಳಲ್ಲಿ, ಮುಖ್ಯವಾಗಿ ಮೂತ್ರಕೋಶದ ಕ್ಯಾನ್ಸರ್‌ನಲ್ಲಿ, ಕೆಟ್ಟಿರುವುದು ಕಂಡುಬಂದಿದೆ. ಇವೆಲ್ಲ ಒಂದೊಂದೂ ಬೇರೆ ಲೇಖನಕ್ಕಾಗುವಷ್ಟು ದೊಡ್ಡವು.

ಮತ್ತೆ ಅಂಡಾಣುವಿಗೆ ಬರೋಣ, ಯಾಕೆಂದರೆ ಅಲ್ಲಿ ಇನ್ನೊಂದು ತೊಡಕಿದೆ. ಅದು ಕಾಲ. ವೀರ್ಯಾಣುಗಳು ಗಂಡಿನಲ್ಲಿ ಪ್ರಾಯ ಬಂದಾಗಿನಿಂದ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ. ಪ್ರತಿ ಸಲವೂ ಹೊಸ ನಕಲು, ಹೊಸ ಉಂಗುರ. ಹೆಣ್ಣಿನಲ್ಲಿ ಹಾಗಲ್ಲ. ಅವಳು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳೆಲ್ಲ ಡಿಎನ್‌ಎ ನಕಲು ಮುಗಿಸಿ, ಉಂಗುರ ಹಾಕಿಕೊಂಡು, ಮೊದಲ ವಿಭಜನೆಯ ಅರ್ಧ ದಾರಿಯಲ್ಲಿ ನಿಂತುಬಿಡುತ್ತವೆ. ಹುಟ್ಟುವ ಹೊತ್ತಿಗೆ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಅದರಲ್ಲಿ ಜೀವಮಾನದಲ್ಲಿ ಬಿಡುಗಡೆಯಾಗುವುದು ನಾಲ್ಕೈದು ನೂರು ಮಾತ್ರ. ಬಿಡುಗಡೆಗೆ ಸ್ವಲ್ಪ ಮುಂಚೆ ನಿಂತಿದ್ದ ವಿಭಜನೆ ಮತ್ತೆ ಶುರುವಾಗುತ್ತದೆ. ಎರಡನೆಯದು ಪೂರ್ತಿಯಾಗುವುದು ವೀರ್ಯಾಣು ಒಳಗೆ ಬಂದ ಮೇಲೆ. ಅಂದರೆ ನಲವತ್ತು ವರ್ಷದ ಹೆಂಗಸಿನ ಅಂಡಾಣುವಿನಲ್ಲಿ ಕ್ರೋಮೋಸೋಮುಗಳನ್ನು ಹಿಡಿದಿರಬೇಕಾದ ವ್ಯವಸ್ಥೆ ನಲವತ್ತು ವರ್ಷದಿಂದ ಅಲ್ಲೇ ಕೂತಿದೆ.

ಇಲ್ಲಿ ಯಾರಿಗಾದರೂ ಬರುವ ಸಹಜ ಅನುಮಾನ ಒಂದಿದೆ. ಪ್ರೋಟೀನ್‌ಗಳು ಸಾಮಾನ್ಯವಾಗಿ ಅಷ್ಟು ಕಾಲ ಬಾಳುವುದಿಲ್ಲ. ಕೋಶ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಿರುತ್ತದೆ. ಉಂಗುರಗಳನ್ನೂ ಹಾಗೇ ಬದಲಾಯಿಸುತ್ತಿರಬಹುದಲ್ವಾ? ಇದನ್ನು ಪರೀಕ್ಷಿಸಿದ ರೀತಿ ಬಹಳ ಜಾಣತನದ್ದು. 2010ರಲ್ಲಿ ಕಿಕುಯೆ ತಚಿಬಾನಾ ಮತ್ತು ನ್ಯಾಸ್ಮಿತ್ ತಂಡ ಇಲಿಯ ರೆಕ್8 ಜೀನನ್ನು ಸ್ವಲ್ಪ ಬದಲಾಯಿಸಿತು. ತಂಬಾಕಿನ ಗಿಡಕ್ಕೆ ತಗಲುವ ಒಂದು ವೈರಸ್‌ನಲ್ಲಿ ಟಿಇವಿ ಎಂಬ ಕತ್ತರಿ ಎನ್‌ಜೈಮ್ ಇದೆ. ಇಲಿಯ ಕೋಶದಲ್ಲಿ ಅದು ಸಹಜವಾಗಿ ಇರುವುದಿಲ್ಲ. ಆ ಕತ್ತರಿ ಗುರುತಿಸುವ ಜಾಗವನ್ನು ರೆಕ್8 ಒಳಗೆ ಸೇರಿಸಿದರು. ಈಗ ಸಂಶೋಧಕರು ಬೇಕೆಂದಾಗ ಮಾತ್ರ ಉಂಗುರ ಕತ್ತರಿಸಬಹುದು. ಅಂಡಾಣುವಿಗೆ ಟಿಇವಿ ಚುಚ್ಚಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಾಗ ಒಟ್ಟಿಗಿದ್ದ ಕ್ರೋಮೋಸೋಮುಗಳು ಕಣ್ಣೆದುರಿಗೇ ಬೇರೆಯಾದವು. ಅಂಡಾಣುವಿನಲ್ಲಿ ಎಲ್ಲವನ್ನೂ ಹಿಡಿದಿರುವುದು ರೆಕ್8 ಉಂಗುರವೇ ಅನ್ನೋದು ಇದರಿಂದ ಗಟ್ಟಿಯಾಯಿತು.

ಆಮೇಲೆ ಬಂತು ಮುಖ್ಯ ಪರೀಕ್ಷೆ. ಅಂಡಾಣು ಬೆಳೆಯುವ ಹಂತದಲ್ಲಿ ಟಿಇವಿಗೆ ಸಿಗದ, ಅಂದರೆ ಕತ್ತರಿಸಲಾಗದ, ಹೊಸ ರೆಕ್8 ತಯಾರಾಗುವ ಹಾಗೆ ಮಾಡಿದರು. ಕೋಶ ನಿಜವಾಗಿಯೂ ಹಳೆ ಉಂಗುರ ತೆಗೆದು ಹೊಸದು ಹಾಕುತ್ತಿದ್ದರೆ ಈ ಹೊಸ ರೆಕ್8 ಉಂಗುರಗಳಲ್ಲಿ ಸೇರಿಕೊಂಡಿರಬೇಕು, ಆಗ ಟಿಇವಿ ಚುಚ್ಚಿದರೂ ಕ್ರೋಮೋಸೋಮುಗಳು ಒಟ್ಟಿಗೆ ಉಳಿಯಬೇಕು. ಉಳಿಯಲಿಲ್ಲ. ಎಲ್ಲ ಕಳಚಿಹೋದವು. ಎರಡು ವಾರಕ್ಕೂ ಹೆಚ್ಚು ಕಾಲ ಹೊಸ ರೆಕ್8 ಅಲ್ಲೇ ಇದ್ದರೂ ಕೋಶ ಅದನ್ನು ಹಿಡಿತಕ್ಕೆ ಬಳಸಿಕೊಂಡಿರಲಿಲ್ಲ. 2016ರಲ್ಲಿ ತಚಿಬಾನಾ ತಂಡ ಇದನ್ನೇ ತಿಂಗಳುಗಟ್ಟಲೆ ನಿಂತಿದ್ದ ಅಂಡಾಣುಗಳಿಗೂ ವಿಸ್ತರಿಸಿತು. ಉತ್ತರ ಅದೇ. ಇನ್ನೊಂದು ತಂಡ ಉಂಗುರದ ಮತ್ತೊಂದು ಭಾಗವಾದ ಎಸ್‌ಎಂಸಿ1-ಬೀಟಾ ಜೀನನ್ನು ಇಲಿ ಹುಟ್ಟಿದ ಮೇಲೆ, ಅಂಡಾಣುಗಳಲ್ಲಿ ಮಾತ್ರ ಕೆಲಸ ಮಾಡದ ಹಾಗೆ ನಿಲ್ಲಿಸಿ ನೋಡಿತು. ಆ ಹೆಣ್ಣಿಲಿಗಳು ಮಾಮೂಲಿನಂತೆ ಮರಿ ಹಾಕಿದವು. ಹುಟ್ಟುವ ಮುಂಚೆ ಹಾಕಿಟ್ಟ ಉಂಗುರಗಳೇ ಸಾಕಾಗಿದ್ದವು. ಎರಡೂ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅರ್ಥ ಒಂದೇ: ಆ ಮೊದಲ ದಾಸ್ತಾನು ಬಿಟ್ಟರೆ ಬೇರೆ ಇಲ್ಲ.

ನೊಣದ ಕಥೆ ಬೇರೆ. ಹಣ್ಣಿನ ನೊಣದ ಅಂಡಾಣು ಮಿಯೋಸಿಸ್ ನಡೆಯುವಾಗಲೇ ಹೊಸ ಹಿಡಿತ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳದಿದ್ದರೆ ಎಡವುತ್ತದೆ. ಹಾಗಾಗಿ ಉಂಗುರ ಬದಲಾಯಿಸುವುದು ಜೀವಿಗಳಿಗೆ ಸಾಧ್ಯವೇ ಇಲ್ಲ ಅಂತಲ್ಲ. ನಮಗೂ ಇಲಿಗೂ ಅದು ಯಾಕಿಲ್ಲ ಅನ್ನೋದು ನನ್ನನ್ನು ಬಹಳ ಕಾಡುವ ಪ್ರಶ್ನೆ.

ಇನ್ನು ವಯಸ್ಸಾದ ಇಲಿಗಳ ವಿಷಯ. ಪ್ರಯೋಗಾಲಯದ ಇಲಿ ಬದುಕುವುದು ಎರಡು-ಮೂರು ವರ್ಷ. ವರ್ಷ ತುಂಬುವ ಹೊತ್ತಿಗೆ ಹೆಣ್ಣಿನ ಫಲವತ್ತತೆ ಇಳಿದಿರುತ್ತದೆ. 2010ರಲ್ಲಿ ಎರಡು ತಂಡಗಳು, ಬ್ರಿಟನ್ನಿನ ನ್ಯೂಕ್ಯಾಸಲ್‌ನ ಮೇರಿ ಹರ್ಬರ್ಟ್ ಅವರದು ಮತ್ತು ಅಮೆರಿಕದ ಪೆನ್ಸಿಲ್ವೇನಿಯಾದ ರಿಚರ್ಡ್ ಶುಲ್ಟ್ಜ್ ಹಾಗೂ ಮೈಕಲ್ ಲ್ಯಾಂಪ್ಸನ್ ಅವರದು, ಎಳೆ ಇಲಿಗಳ ಅಂಡಾಣುಗಳನ್ನೂ ಮುದಿ ಇಲಿಗಳ ಅಂಡಾಣುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವು. ರೆಕ್8ಗೆ ಅಂಟಿ ಹೊಳೆಯುವ ಬಣ್ಣ ಹಾಕಿದರೆ ಎಳೆ ಅಂಡಾಣುವಿನ ಕ್ರೋಮೋಸೋಮ್ ಉದ್ದಕ್ಕೂ ಅದು ಚೆನ್ನಾಗಿ ಕಾಣುತ್ತದೆ. ಮುದಿ ಅಂಡಾಣುವಿನಲ್ಲಿ ಹುಡುಕಬೇಕಾಗುತ್ತದೆ, ಅಷ್ಟು ಮಂಕು. ಎಳೆಗಳು ಬಂದು ಹಿಡಿಯುವ ಎರಡು ಬಿಂದುಗಳು ಎಳೆಯ ವಯಸ್ಸಿನ ಅಂಡಾಣುವಿನಲ್ಲಿ ಒತ್ತಾಗಿ ಕೂತಿರುತ್ತವೆ, ಮುದಿಯದರಲ್ಲಿ ಅವುಗಳ ನಡುವೆ ಅಂತರ ಬಿದ್ದಿರುತ್ತದೆ. ಇನ್ನೂ ಅಂಟಿಕೊಂಡೇ ಇವೆ, ಆದರೆ ಸಡಿಲವಾಗಿ. ಇಂಥ ಸಡಿಲ ಜೋಡಿಗಳೇ ಮುಂದೆ ಹಂಚಿಕೆಯಲ್ಲಿ ತಪ್ಪುತ್ತವೆ. ನ್ಯೂಕ್ಯಾಸಲ್ ತಂಡ ಇದರ ಜೊತೆಗೆ ಇನ್ನೊಂದನ್ನೂ ಕಂಡಿತು: ಮುದಿ ಅಂಡಾಣುಗಳಲ್ಲಿ ಶುಗೋಶಿನ್-2 ಕೂಡ ಕಡಿಮೆಯಾಗಿತ್ತು.

ಇದು ತುಂಬಾ ಕೆಟ್ಟ ಜೋಡಣೆ. ಉಂಗುರಗಳು ವರ್ಷಗಳ ಕಾಲದಲ್ಲಿ ಒಂದೊಂದಾಗಿ ಉದುರುತ್ತಿವೆ. ಉಳಿದ ಕೆಲವನ್ನು ಮೊದಲ ವಿಭಜನೆಯ ಕತ್ತರಿಯಿಂದ ಕಾಯಬೇಕಾದ ಕಾವಲೂ ತೆಳ್ಳಗಾಗಿದೆ. ಉಂಗುರ ಅರ್ಧಕ್ಕೆ ಇಳಿದರೂ ಕಾವಲು ಪೂರ್ತಿ ಇದ್ದರೆ ಕೆಲಸ ನಡೆದುಹೋಗಬಹುದಿತ್ತೋ ಏನೋ. ಎರಡೂ ಇಳಿದಾಗ ಅಂಡಾಣು ಶುಗೋಶಿನ್-2 ತೆಗೆದ ಇಲಿಯ ಸ್ಥಿತಿಗೆ ಸ್ವಲ್ಪ ಸ್ವಲ್ಪವೇ ಹತ್ತಿರ ಬರುತ್ತದೆ. 2008ರ ಆ ಇಲಿಗಳನ್ನು ಬರೀ ಒಂದು ಅಪರೂಪದ ಬಂಜೆತನದ ಮಾದರಿ ಅಂತ ನೋಡುವುದು ಸರಿಯಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ವಯಸ್ಸು ಹತ್ತಾರು ವರ್ಷಗಳಲ್ಲಿ ನಿಧಾನಕ್ಕೆ ಮಾಡುವುದನ್ನು ಆ ಇಲಿಗಳಲ್ಲಿ ಒಂದೇ ಏಟಿಗೆ ಮಾಡಿ ತೋರಿಸಿದ್ದಾರೆ. 2024ರಲ್ಲಿ ಮನುಷ್ಯರ ಅಂಡಾಣುಗಳಲ್ಲೂ ವಯಸ್ಸಿನ ಜೊತೆ ಈ ರಕ್ಷಣೆ ಕುಗ್ಗುತ್ತದೆ ಎಂಬ ವರದಿ ಬಂತು. ಇಲಿಯಲ್ಲಿ ಕಂಡದ್ದು ಇಲಿಗಷ್ಟೇ ಸೀಮಿತ ಅಂತ ತಳ್ಳಿಹಾಕುವ ಹಾಗಿಲ್ಲ.

ಯಾವುದು ಮೊದಲು ಕೆಡುತ್ತದೆ ಅನ್ನೋದು ಮಾತ್ರ ಇನ್ನೂ ಚರ್ಚೆಯಲ್ಲಿದೆ. ಕಾವಲು ಇಳಿದದ್ದಕ್ಕೆ ಉಂಗುರ ಉದುರಿತಾ, ಉಂಗುರ ಉದುರಿ ಸೆಂಟ್ರೋಮಿಯರಿನ ರಚನೆ ಸಡಿಲವಾದದ್ದಕ್ಕೆ ಕಾವಲಿಗೆ ಕೂರಲು ಜಾಗ ಇಲ್ಲದಾಯಿತಾ? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಚಿಕಿತ್ಸೆ ಸಾಧ್ಯವಾ ಅನ್ನೋದು ಇದರ ಮೇಲೇ ನಿಂತಿದೆ. ಉದುರಿದ ಉಂಗುರವನ್ನು ವಾಪಸ್ ಹಾಕುವುದು ಹೇಗೆ ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ಹಾಕಿದ ಉಂಗುರ ಮಾತ್ರ ಇಲಿಯಲ್ಲೂ ನಮ್ಮಲ್ಲೂ ಎರಡು ಪ್ರತಿಗಳನ್ನು ಹಿಡಿಯುತ್ತದೆ, ಆ ಹೊತ್ತು ಹುಟ್ಟುವ ಮುಂಚೆಯೇ ಮುಗಿದುಹೋಗಿದೆ. ಕಾವಲು ಹಾಗಲ್ಲ. ಅದು ಕೊನೇ ಹಂತದಲ್ಲಿ, ವಿಭಜನೆ ನಡೆಯುವ ಕೆಲವು ಗಂಟೆಗಳಲ್ಲಿ ಬೇಕಾಗುವಂಥದ್ದು. ಆ ಗಂಟೆಗಳಲ್ಲಿ ಅಂಡಾಣು ಪ್ರಯೋಗಾಲಯದ ತಟ್ಟೆಯಲ್ಲಿದ್ದರೆ ಹೊರಗಿನಿಂದ ಶುಗೋಶಿನ್ ಸೇರಿಸಲು ದಾರಿ ಇದೆ. ಅದಕ್ಕೇ ಈಗ ಪ್ರಯೋಗಾಲಯಗಳಲ್ಲಿ ಹೆಚ್ಚು ಗಮನ ಈ ಕಡೆ ಹರಿಯುತ್ತಿದೆ, ಮತ್ತು ಅದು ಸರಿಯಾದ ದಿಕ್ಕು ಅಂತಲೇ ನನ್ನ ಅಭಿಪ್ರಾಯ.

ಆದರೆ ಕಾವಲು ಜಾಸ್ತಿ ಆದರೂ ಕಷ್ಟ. ಕತ್ತರಿಸಲಾಗದ ರೆಕ್8 ಇರುವ ಇಲಿಗಳನ್ನು 2009ರಲ್ಲೇ ಮಾಡಿ ನೋಡಿದ್ದಾರೆ. ಅಂಥ ಅಂಡಾಣುವಿನಲ್ಲಿ ಕ್ರೋಮೋಸೋಮುಗಳು ಬೇರೆಯಾಗಲಾರದೆ ಸಿಕ್ಕಿಹಾಕಿಕೊಂಡವು. ಉಂಗುರ ಬೇಗ ಬಿಡಬಾರದು, ಬಿಡಬೇಕಾದಾಗ ಬಿಡದೆಯೂ ಇರಬಾರದು. ಅಂಡಾಣುವಿಗೆ ಹೊರಗಿನಿಂದ ಪ್ರೋಟೀನ್ ಹಾಕುವವರು ಎಷ್ಟು ಹಾಕಬೇಕು, ಅದು ಸರಿಯಾದ ಜಾಗಕ್ಕೇ ಹೋಗಿ ಕೂರುತ್ತದಾ, ಎರಡನೇ ವಿಭಜನೆಯ ಹೊತ್ತಿಗೆ ದಾರಿ ಬಿಡುತ್ತದಾ ಅಂತ ಒಂದೊಂದನ್ನೂ ತೋರಿಸಬೇಕು. ಇನ್ನೊಂದು ಮಿತಿಯೂ ಇದೆ. ಮೊದಲೇ ಬಿಡಿಯಾಗಿ ಹೋಗಿರುವ ಪ್ರತಿಗಳನ್ನು ಯಾವ ಕಾವಲೂ ಮತ್ತೆ ಜೋಡಿಸಲಾರದು.

ಇಲಿಗೂ ನಮಗೂ ಇರುವ ವ್ಯತ್ಯಾಸಗಳನ್ನೂ ಹಗುರವಾಗಿ ತಗೊಳ್ಳಬಾರದು. ಎಳೆ ಇಲಿಯ ಅಂಡಾಣುವಿನಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪುವುದು ಅಪರೂಪ. ಮನುಷ್ಯರಲ್ಲಿ ಎಳೆ ವಯಸ್ಸಿನಲ್ಲೂ ಅದು ಕಡಿಮೆಯೇನಲ್ಲ. 2019ರ ಒಂದು ಅಧ್ಯಯನದಲ್ಲಿ ಹದಿಹರೆಯದವರ ಅಂಡಾಣುಗಳಲ್ಲೂ ತಪ್ಪು ಜಾಸ್ತಿ, ಇಪ್ಪತ್ತರ ದಶಕದಲ್ಲಿ ಇಳಿದು, ಮತ್ತೆ ಮೂವತ್ತೈದರ ಆಚೆ ಏರುತ್ತದೆ ಅಂತ ಕಂಡುಬಂತು. ಹದಿಹರೆಯದ ತಪ್ಪನ್ನು ಹಳೆ ಉಂಗುರದ ಮೇಲೆ ಹಾಕಲಾಗುವುದಿಲ್ಲ, ಅದಕ್ಕೆ ಬೇರೆ ಕಾರಣ ಇರಲೇಬೇಕು. ಮನುಷ್ಯರ ಅಂಡಾಣು ಕ್ರೋಮೋಸೋಮ್ ಎಳೆಯುವ ಎಳೆಗಳನ್ನು ಕಟ್ಟಿಕೊಳ್ಳಲು ಸುಮಾರು 16 ಗಂಟೆ ತೆಗೆದುಕೊಳ್ಳುತ್ತದೆ, ಇಲಿಯದು ಮೂರರಿಂದ ಐದು ಗಂಟೆ. ನಮ್ಮದು ಕಟ್ಟುವಾಗ ಅಲುಗಾಡುವುದೂ ಹೆಚ್ಚು. ಇದಕ್ಕೆ ಒಂದು ಕಾರಣ 2022ರಲ್ಲಿ ಮೆಲಿನಾ ಶೂಹ್ ತಂಡದಿಂದ ಗೊತ್ತಾಯಿತು: ಎಳೆಗಳ ತುದಿಗಳನ್ನು ಒಟ್ಟುಗೂಡಿಸುವ ಕೆಐಎಫ್‌ಸಿ1 ಎಂಬ ಪ್ರೋಟೀನ್ ಇಲಿಯ ಅಂಡಾಣುವಿನಲ್ಲಿ ಬೇಕಾದಷ್ಟಿದೆ, ಮನುಷ್ಯರದರಲ್ಲಿ ಕೊರತೆ. ಸಡಿಲವಾದ ಜೋಡಿಗಳು, ಅದರ ಮೇಲೆ ಅಲುಗಾಡುವ ಎಳೆಗಳು. ಇಲಿ ಅದರಲ್ಲಿ ಮೊದಲನೆಯದನ್ನು ಮಾತ್ರ ಚೆನ್ನಾಗಿ ತೋರಿಸುತ್ತದೆ. ಜೊತೆಗೆ ಇಲಿಯಲ್ಲಿ ಒಂದು ವರ್ಷದ ಸವೆತವನ್ನು ನಮ್ಮ ನಲವತ್ತು ವರ್ಷದ ಸವೆತಕ್ಕೆ ನೇರವಾಗಿ ಹೋಲಿಸಲಾಗುವುದಿಲ್ಲ.

ಹಾಗಂತ ಇಲಿಯ ಜೀನ್‌ಗಳು ಮನುಷ್ಯರ ವಿಷಯದಲ್ಲಿ ಕೈಕೊಟ್ಟಿವೆ ಅಂತಲ್ಲ. ಉಂಗುರದ ಮಿಯೋಸಿಸ್ ಭಾಗವಾದ ಸ್ಟ್ಯಾಗ್3 ಇದಕ್ಕೆ ಒಳ್ಳೆ ಉದಾಹರಣೆ. 2014ರಲ್ಲಿ ಒಂದು ಕುಟುಂಬದ ಹೆಣ್ಣುಮಕ್ಕಳಲ್ಲಿ ಅಂಡಾಶಯ ಬಹಳ ಬೇಗ ಕೆಲಸ ನಿಲ್ಲಿಸಿದ್ದಕ್ಕೆ ಈ ಜೀನಿನ ದೋಷ ಕಾರಣ ಅಂತ ಗೊತ್ತಾಯಿತು. ಇದೇ ಜೀನ್ ತೆಗೆದ ಇಲಿಗಳಿಗೂ ಮರಿಯಾಗಲಿಲ್ಲ. ಒಂದೇ ಜೀನ್, ಎರಡೂ ಕಡೆ ಒಂದೇ ಬಗೆಯ ಪೆಟ್ಟು.

ಈಗ ಮಾರುಕಟ್ಟೆಯ ವಿಷಯ ಹೇಳಲೇಬೇಕು. ಅಂಡಾಣುವನ್ನು ಮತ್ತೆ ಎಳೆಯದಾಗಿಸುತ್ತೇವೆ ಅಂತ ಹೇಳಿ ಮಾತ್ರೆ, ಪುಡಿ, ಇಂಜೆಕ್ಷನ್ ಮಾರುವವರು ಎಲ್ಲ ಕಡೆ ಇದ್ದಾರೆ. ಮಗುವಿಗಾಗಿ ವರ್ಷಗಟ್ಟಲೆ ಕಾದು ಸೋತಿರುವವರಿಗೆ ಈ ಮಾತು ಎಷ್ಟು ಆಸೆ ಹುಟ್ಟಿಸುತ್ತದೆ ಅಂತ ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ. ಮೇಲೆ ಹೇಳಿದ ವಿಷಯ ತಿಳಿದವರು ಅವರನ್ನು ಒಂದೇ ಪ್ರಶ್ನೆ ಕೇಳಬಹುದು: ನಿಮ್ಮ ಮಾತ್ರೆ ಉದುರಿದ ರೆಕ್8ನ್ನು ವಾಪಸ್ ಹಾಕುತ್ತದಾ, ಅಥವಾ ಉಳಿದದ್ದನ್ನು ಕಾಯುತ್ತದಾ? ಅದನ್ನು ತೋರಿಸಿದ ಪರೀಕ್ಷೆ ಎಲ್ಲಿದೆ? ಅಂಡಾಣುವಿಗೆ ಶಕ್ತಿ ಕೊಡುವುದು, ರಕ್ತ ಸಂಚಾರ ಚೆನ್ನಾಗಿ ಮಾಡುವುದು ಅಂತೆಲ್ಲ ಹೇಳಿದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಐವಿಎಫ್‌ನಲ್ಲಿ ಭ್ರೂಣದ ಕ್ರೋಮೋಸೋಮ್ ಎಣಿಸುವ ಪರೀಕ್ಷೆ ಇದೆ, ಆದರೆ ಅದು ತಪ್ಪಿದ್ದನ್ನು ಹುಡುಕುತ್ತದೆ, ಸರಿಪಡಿಸುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಅಂಡಾಣು ತೆಗೆದು ಫ್ರೀಜ್ ಮಾಡಿಟ್ಟರೆ ಉಂಗುರ ಸವೆಯುವುದು ಅಲ್ಲಿಗೆ ನಿಲ್ಲುತ್ತದೆ, ಆ ಮಟ್ಟಿಗೆ ಅದರ ಹಿಂದೆ ತರ್ಕವಿದೆ. ಆದರೆ ಇಟ್ಟ ಅಂಡಾಣುಗಳೆಲ್ಲ ಮಗುವಾಗುತ್ತವೆ ಅಂತ ಯಾರೂ ಭರವಸೆ ಕೊಡಲಾಗುವುದಿಲ್ಲ.

ಇನ್ನೊಂದು ಮಾತು. ಗರ್ಭ ನಿಲ್ಲದ ಹೆಂಗಸರಿಗೆ, ಗರ್ಭಪಾತವಾದವರಿಗೆ, ಡೌನ್ ಸಿಂಡ್ರೋಮ್ ಮಗುವಿನ ತಾಯಂದಿರಿಗೆ ಸುತ್ತಲಿನವರು ಹೇಳುವ ಮಾತುಗಳು ಎಲ್ಲರಿಗೂ ಗೊತ್ತಿವೆ. ಕೆಲಸ ಜಾಸ್ತಿ ಮಾಡಿದೆ, ತಿನ್ನಬಾರದ್ದು ತಿಂದೆ, ಓಡಾಡಿದೆ, ಟೆನ್ಶನ್ ಮಾಡಿಕೊಂಡೆ. ಕ್ರೋಮೋಸೋಮ್ ಹಂಚಿಕೆ ತಪ್ಪಿದ ಕಡೆ ಈ ಮಾತುಗಳಿಗೆ ಆಧಾರವೇ ಇಲ್ಲ. ಆ ಉಂಗುರಗಳನ್ನು ಹಾಕಿದಾಗ ಆಕೆ ಇನ್ನೂ ಹುಟ್ಟಿಯೇ ಇರಲಿಲ್ಲ. ಅವು ಉದುರುವುದನ್ನು ತಡೆಯುವ ದಾರಿ ಆಕೆಯ ಕೈಯಲ್ಲಿ ಯಾವತ್ತೂ ಇರಲಿಲ್ಲ, ಡಾಕ್ಟರ ಕೈಯಲ್ಲೂ ಇಲ್ಲ.

ಮುಂದೆ ನೋಡಬೇಕಾದದ್ದು ಎರಡು ಕಡೆ. ಒಂದು, ಉಂಗುರಗಳು ಯಾವ ಕಾರಣಕ್ಕೆ ಉದುರುತ್ತವೆ ಅನ್ನೋದು. ಕೋಶದಲ್ಲಿ ಉಂಗುರ ಬಿಚ್ಚುವ ವೇಪಲ್ ಎಂಬ ಪ್ರೋಟೀನ್ ಇದೆ, ಅದರ ಪಾತ್ರ ಎಷ್ಟು? ನಿಂತಿರುವ ಅಂಡಾಣುವಿನಲ್ಲಿ ಸೆಪರೇಸ್ ಸ್ವಲ್ಪ ಸ್ವಲ್ಪ ಸೋರುತ್ತದಾ, ಅಥವಾ ಪ್ರೋಟೀನ್ ಹಳೆಯದಾಗಿ ತಾನಾಗೇ ಕೆಡುತ್ತದಾ? ಇದಕ್ಕೆ ಇಲಿಯೇ ಇನ್ನೂ ಒಳ್ಳೆಯ ಸಾಧನ, ಯಾಕೆಂದರೆ ಒಂದೊಂದು ಜೀನನ್ನೂ ಅಂಡಾಣುವಿನಲ್ಲಿ ಮಾತ್ರ, ಬೇಕಾದ ಹಂತದಲ್ಲಿ ಮಾತ್ರ ಕೆಲಸ ಮಾಡದ ಹಾಗೆ ನಿಲ್ಲಿಸಿ ನೋಡಬಹುದು. ಇನ್ನೊಂದು, ಕಾವಲು ಪ್ರೋಟೀನ್ ಹೊರಗಿನಿಂದ ಪಡೆದ ಮುದಿ ಇಲಿಗಳ ಅಂಡಾಣುಗಳಿಂದ ಆರೋಗ್ಯವಂತ ಮರಿಗಳು ಹುಟ್ಟುತ್ತವಾ, ಆ ಮರಿಗಳು ಬೆಳೆದು ಅವಕ್ಕೂ ಮರಿಗಳಾಗುತ್ತವಾ ಅನ್ನೋದು. ತಟ್ಟೆಯಲ್ಲಿ ಕ್ರೋಮೋಸೋಮ್ ಜೋಡಿಗಳು ಒತ್ತಾಗಿ ಕಂಡವು ಎಂಬ ಸುದ್ದಿ ಬಂದಾಗ ಅದನ್ನು ಚಿಕಿತ್ಸೆ ಅಂತ ಕರೆಯುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು.